ನೂರು ದಾಟಿದವರ ಗುಟ್ಟು: ಒಕಿನಾವಾದವರು ತಿಂದದ್ದೇನು, ಆ ವಯಸ್ಸುಗಳಿಗೆ ದಾಖಲೆ ಎಲ್ಲಿದೆ?

ಸಂಜೆಮಲ್ಲಿಗೆ:
ಜಪಾನಿನ ಒಕಿನಾವಾ ದ್ವೀಪದಲ್ಲಿ ನೂರು ದಾಟಿದ ಅಜ್ಜಿಯರ ಗುಟ್ಟು ಅಂತ ಒಂದು ಪಟ್ಟಿ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಿದೆ. ಮೀನು, ಗ್ರೀನ್ ಟೀ, ಅರೆಹೊಟ್ಟೆ ಊಟ, ನಗು ಹೀಗೆ. ತಿಳಿದವರು ಹೇಳಿ: ಅವರು ನಿಜಕ್ಕೂ ಏನು ತಿಂದರು, ಎಷ್ಟು ತಿಂದರು? ಆ ವಯಸ್ಸುಗಳನ್ನು ನಂಬಬಹುದೇ? ನಮ್ಮ ಮನೆಗಳಲ್ಲಿರುವ 75–80ರ ಹಿರಿಯರಿಗೆ ಅದರಲ್ಲಿ ಒಗ್ಗುವುದು ಯಾವುದು? "ಎಲ್ಲ ಹಣೆಬರಹ" ಅನ್ನುವ ಉತ್ತರ ಬೇಡ, ಅಂಕಿ ಇದ್ದರೆ ಕೊಡಿ.

ಗೆಣಸುಗಡ್ಡೆ:
ಮೀನನ್ನು ಪಟ್ಟಿಯ ತಲೆಯಲ್ಲಿ ಇಟ್ಟಿದ್ದಾರೆ ಅಂದರೆ ಬರೆದವರು ಮೂಲ ಅಂಕಿಗಳನ್ನು ನೋಡಿಲ್ಲ. ಒಕಿನಾವಾದಲ್ಲಿ 1949ರಲ್ಲಿ ಆದ ಆಹಾರ ಸಮೀಕ್ಷೆಯ ಲೆಕ್ಕ ಹೀಗಿದೆ, ಒಬ್ಬರಿಗೆ ದಿನಕ್ಕೆ: ಗೆಣಸು 849 ಗ್ರಾಂ, ಅಕ್ಕಿ 154 ಗ್ರಾಂ, ತರಕಾರಿ 114 ಗ್ರಾಂ, ಸೋಯಾ ಮತ್ತಿತರ ಕಾಳು 71 ಗ್ರಾಂ, ಮೀನು 15 ಗ್ರಾಂ, ಮಾಂಸ 3 ಗ್ರಾಂ. ಮೊಟ್ಟೆ, ಹಾಲು, ಹಣ್ಣು ಇದ್ದೂ ಇಲ್ಲದ ಹಾಗೆ. ಒಟ್ಟು 1785 ಕ್ಯಾಲೊರಿ, ಅದರಲ್ಲಿ ಗೆಣಸಿನದೇ 69 ಪ್ರತಿಶತ. ಕೊಬ್ಬು 6, ಪ್ರೋಟೀನು 9, ಉಳಿದ 85 ಪ್ರತಿಶತ ಪಿಷ್ಟ.

ಇದು ಯಾರೋ ಆರೋಗ್ಯಕ್ಕೆಂದು ಆರಿಸಿಕೊಂಡ ಊಟವಲ್ಲ, ಬಡತನದ ಊಟ. ಅಲ್ಲಿ ಚಂಡಮಾರುತ ಬಂದರೆ ಭತ್ತ ನೆಲಕಚ್ಚುತ್ತದೆ, ಗೆಣಸು ಮಣ್ಣೊಳಗೆ ಉಳಿಯುತ್ತದೆ. 1605ರಲ್ಲಿ ಚೀನಾದಿಂದ ಬಂದ ಗಡ್ಡೆ ಮುನ್ನೂರು ವರ್ಷ ಅವರ ಹೊಟ್ಟೆ ತುಂಬಿಸಿತು. ಹಂದಿ ಮಾಂಸ ಹಬ್ಬಕ್ಕೆ ಮಾತ್ರ, ಅದೂ ಗಂಟೆಗಟ್ಟಲೆ ಕುದಿಸಿ ಮೇಲೆ ತೇಲಿದ ಕೊಬ್ಬು ತೆಗೆದು.

ಗೆಣಸಿನ ಬಗ್ಗೆ ಒಂದು ಎಚ್ಚರಿಕೆ. ಅವರದು ಕಿತ್ತಳೆ ಮತ್ತು ನೇರಳೆ ತಿರುಳಿನದು. ನಮ್ಮ ಸಂತೆಯಲ್ಲಿ ಹೆಚ್ಚಾಗಿ ಸಿಗುವ ಬಿಳಿ ತಿರುಳಿನಲ್ಲಿ ಬೀಟಾ ಕೆರೋಟಿನ್ (ಮೈಯಲ್ಲಿ ಎ ವಿಟಮಿನ್ ಆಗುವ ಅಂಶ) ತೀರಾ ಕಡಿಮೆ. ಸಿಪ್ಪೆ ಸಮೇತ ಬೇಯಿಸಿದರೆ ರಕ್ತದ ಸಕ್ಕರೆ ನಿಧಾನ ಏರುತ್ತದೆ. ಕೆಂಡದಲ್ಲಿ ಸುಟ್ಟರೆ ಪಿಷ್ಟ ಒಡೆದು ಸಿಹಿಯಾಗಿ ಬೇಗ ಏರುತ್ತದೆ. ಸಕ್ಕರೆ ಕಾಯಿಲೆ ಇರುವವರು ಅನ್ನದ ಜೊತೆಗೆ ಗೆಣಸು ಸೇರಿಸುವುದಲ್ಲ, ಅನ್ನ ಇಳಿಸಿ ಆ ಜಾಗಕ್ಕೆ 100–150 ಗ್ರಾಂ ಬೇಯಿಸಿದ ಗೆಣಸು ಇಡಬೇಕು.

ಕಡತ ವಿಭಾಗ:
ಊಟಕ್ಕೆ ಮೊದಲು ದಾಖಲೆ ನೋಡೋಣ. ಜಪಾನಿನಲ್ಲಿ ಕೊಸೆಕಿ ಅನ್ನುವ ಕುಟುಂಬ ನೋಂದಣಿ ಪುಸ್ತಕ ಇದೆ. 1945ರ ಯುದ್ಧದಲ್ಲಿ ಒಕಿನಾವಾದ ಕೊಸೆಕಿಗಳಲ್ಲಿ ಬಹುಪಾಲು ಸುಟ್ಟುಹೋದವು. ಯುದ್ಧದ ನಂತರ ಜನರ ಹೇಳಿಕೆಯ ಮೇಲೆ ಮತ್ತೆ ಬರೆದರು. ಹಾಗೆ ಬರೆಸುವಾಗ ನಾಲ್ಕೈದು ವರ್ಷ ಆಚೀಚೆಯಾದರೆ 96ರ ಅಜ್ಜಿ ಕಾಗದದಲ್ಲಿ ನೂರಾಗುತ್ತಾರೆ.

2010ರಲ್ಲಿ ಟೋಕಿಯೊದ ಅದಾಚಿ ವಾರ್ಡಿನಲ್ಲಿ, ನಗರದ ಅತ್ಯಂತ ಹಿರಿಯ ಗಂಡಸು, 111 ವರ್ಷ ಅಂತ ಸನ್ಮಾನಕ್ಕೆ ಹೋದ ಅಧಿಕಾರಿಗಳಿಗೆ ಸಿಕ್ಕಿದ್ದು ಮೂವತ್ತು ವರ್ಷಗಳಿಂದ ಹಾಸಿಗೆಯಲ್ಲಿ ಒಣಗಿದ ಶವ. ಪಿಂಚಣಿ ಮಾತ್ರ ಮನೆಗೆ ಬರುತ್ತಲೇ ಇತ್ತು. ಆಮೇಲೆ ದೇಶವಿಡೀ ಕೊಸೆಕಿ ಹುಡುಕಿದಾಗ ನೂರು ದಾಟಿದ, ವಿಳಾಸವೇ ಇಲ್ಲದ 2.34 ಲಕ್ಷ ಹೆಸರು ಸಿಕ್ಕವು. ದ್ವೀಪವೊಂದರ ಶಿಗೆಚಿಯೊ ಇಝುಮಿ 120 ಬದುಕಿದರು ಅಂತ ದಾಖಲೆಯಾಗಿತ್ತು, ಅದನ್ನೂ ಆಮೇಲೆ ಕೈಬಿಟ್ಟರು. ತೀರಿಹೋದ ಅಣ್ಣನ ಹೆಸರನ್ನೇ ತಮ್ಮನಿಗೆ ಇಟ್ಟು, ಅಣ್ಣನ ಜನ್ಮದಾಖಲೆ ತಮ್ಮನ ಪಾಲಿಗೆ ಬಂದಿರಬೇಕು ಅನ್ನುವುದು ಸಂಶಯ. ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ನಮ್ಮಲ್ಲೂ ಇದೇ ತೊಡಕು.

ಸಾಲ್ ನ್ಯೂಮನ್ ಅನ್ನುವ ಸಂಶೋಧಕರಿಗೆ 2024ರಲ್ಲಿ ಇಗ್ ನೊಬೆಲ್ (ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಅಣಕು ನೊಬೆಲ್) ಬಂದದ್ದು ಇದೇ ವಿಷಯಕ್ಕೆ. ಅಮೆರಿಕದ ರಾಜ್ಯಗಳಲ್ಲಿ ಜನನ ನೋಂದಣಿ ಕಡ್ಡಾಯವಾದ ಮೇಲೆ 110 ದಾಟಿದವರ ಸಂಖ್ಯೆ 69ರಿಂದ 82 ಪ್ರತಿಶತ ಬಿತ್ತು ಅಂತ ಅವರ ಲೆಕ್ಕ. ಗುಟ್ಟು ಇದ್ದದ್ದು ಅಡುಗೆಮನೆಯಲ್ಲಲ್ಲ, ಗುಮಾಸ್ತರ ಮೇಜಿನ ಮೇಲೆ.

ಗೆಣಸುಗಡ್ಡೆ:
@ಕಡತ ವಿಭಾಗ, ಅರ್ಧ ಒಪ್ಪುತ್ತೇನೆ. ಆದರೆ ಆ 2.34 ಲಕ್ಷ ಹೆಸರುಗಳು ಶತಾಯುಷಿಗಳ ಸರ್ಕಾರಿ ಎಣಿಕೆಯೊಳಗೆ ಇರಲೇ ಇಲ್ಲ. ಪ್ರತಿ ಸೆಪ್ಟೆಂಬರಿನಲ್ಲಿ ಪ್ರಕಟವಾಗುವ ಎಣಿಕೆ ನಿವಾಸಿ ನೋಂದಣಿಯಿಂದ ಬರುತ್ತದೆ, ಕೊಸೆಕಿಯಿಂದ ಅಲ್ಲ. ಅದು 1963ರಲ್ಲಿ 153 ಇತ್ತು, 2025ರಲ್ಲಿ 99,763 ಆಯಿತು, ಅದರಲ್ಲಿ ಸುಮಾರು 88 ಪ್ರತಿಶತ ಹೆಂಗಸರು. ನೂರಾದವರಿಗೆ ಸರ್ಕಾರ ಬೆಳ್ಳಿ ಬಟ್ಟಲು ಕೊಡುತ್ತಿತ್ತು; ಸಂಖ್ಯೆ ಏರಿ ಖರ್ಚು ತಾಳದೆ 2016ರಿಂದ ಬೆಳ್ಳಿ ನೀರು ಕುಡಿಸಿದ್ದು ಕೊಡುತ್ತಿದ್ದಾರೆ!

ಇನ್ನೊಂದು ಮಾತು. ಒಕಿನಾವಾದ ಊಟದ ವಾದ ನೂರಾದವರ ಮೇಲಷ್ಟೇ ನಿಂತಿಲ್ಲ. ಅಲ್ಲಿನ ಗಂಡಸರ ಸರಾಸರಿ ಆಯಸ್ಸು 1985ರಲ್ಲಿ ಜಪಾನಿನ 47 ಪ್ರಾಂತ್ಯಗಳಲ್ಲೇ ಮೊದಲನೆಯದು. 2000ದಲ್ಲಿ 26ನೆಯ ಸ್ಥಾನ. ಬಿದ್ದದ್ದು ಯಾರಿಂದ? ಯುದ್ಧದ ನಂತರ, 1972ರವರೆಗೆ ಅಮೆರಿಕದ ಆಡಳಿತದಲ್ಲಿ ಡಬ್ಬಿ ಮಾಂಸ, ಹ್ಯಾಂಬರ್ಗರ್ ತಿಂದು ಬೆಳೆದ ತಲೆಮಾರಿನಿಂದ, ನಡುವಯಸ್ಸಿಗೇ ಹೋದವರಿಂದ. ಅವರ ಜನ್ಮದಿನಾಂಕದಲ್ಲಿ ಸಂಶಯವಿಲ್ಲ.

ಲೆಕ್ಕದ ಮಾಸ್ತರ:
ಇಬ್ಬರೂ ಬಿಟ್ಟದ್ದು ಒಂದಿದೆ. ನೂರಾದವರನ್ನು ಹಿಡಿದು "ಏನು ತಿಂದಿರಿ" ಅಂತ ಕೇಳುವ ವಿಧಾನವೇ ಸರಿಯಿಲ್ಲ. ಫ್ರಾನ್ಸಿನ ಆರ್ಲ್ ಊರಿನ ಜಾನ್ ಕಲ್ಮಾ, ಜನನ 21 ಫೆಬ್ರುವರಿ 1875, ಮರಣ 4 ಆಗಸ್ಟ್ 1997, 122 ವರ್ಷ 164 ದಿನ. ಬಹುಕಾಲ ಸಿಗರೇಟು ಸೇದಿದವರು. ಜಪಾನಿನ ಕಾನೆ ತನಾಕಾ 119 ಬದುಕಿದರು, ಇಷ್ಟದ್ದು ಚಾಕೊಲೇಟು ಮತ್ತು ಕೋಲಾ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 1907ರಿಂದ 2019ರವರೆಗೆ 111 ವರ್ಷ, ಬ್ರಾಹ್ಮೀ ಮುಹೂರ್ತಕ್ಕೂ ಮೊದಲೇ ಏಳುವ ಸನ್ಯಾಸಿ ದಿನಚರಿ. ಈ ಮೂವರಿಂದ ಒಂದು ಪಟ್ಟಿ ಮಾಡಿ ನೋಡೋಣ!

ನ್ಯೂಯಾರ್ಕಿನಲ್ಲಿ 95 ದಾಟಿದ 477 ಯಹೂದಿಗಳ ಅಭ್ಯಾಸಗಳನ್ನು ಅವರದೇ ಪೀಳಿಗೆಯ ಸಾಮಾನ್ಯ ಜನರ ಜೊತೆ ಹೋಲಿಸಿದರು, 2011ರಲ್ಲಿ ಪ್ರಕಟವಾಯಿತು. ಸಿಗರೇಟು, ಕುಡಿತ, ವ್ಯಾಯಾಮ, ಊಟ ಯಾವುದರಲ್ಲೂ ಇವರು ಮೇಲಿರಲಿಲ್ಲ. ಅವರನ್ನು ಕಾಪಾಡಿದ್ದು ಹುಟ್ಟಿನಿಂದ ಬಂದ ಬಂಡವಾಳ. ಅದು ಇರುವವರು ಸೇದಿಯೂ ಬದುಕುತ್ತಾರೆ, ಇಲ್ಲದವರು ಅವರನ್ನು ನೋಡಿ ಸೇದಿದರೆ ಅರವತ್ತಕ್ಕೇ ಹೋಗುತ್ತಾರೆ.

ಸರಿಯಾದ ವಿಧಾನ ಉಲ್ಟಾ: ಮೊದಲು ಅಭ್ಯಾಸ ಬರೆದುಕೊಂಡು, ಆಮೇಲೆ ವರ್ಷಗಟ್ಟಲೆ ಕಾದು ಸಾವು ಎಣಿಸುವುದು. ಕ್ಯಾಲಿಫೋರ್ನಿಯಾದ ಅಡ್ವೆಂಟಿಸ್ಟ್ ಅನ್ನುವ ಕ್ರೈಸ್ತ ಪಂಗಡದವರ ಮೇಲೆ ಹಾಗೆ ಮಾಡಿದರು, ಸುಮಾರು 34,000 ಜನ. ರಾಜ್ಯದ ಉಳಿದವರಿಗಿಂತ ಗಂಡಸರು 7.3 ವರ್ಷ, ಹೆಂಗಸರು 4.4 ವರ್ಷ ಹೆಚ್ಚು ಬದುಕಿದರು. ಸೇದದಿರುವುದು, ಸಸ್ಯಾಹಾರ, ವಾರಕ್ಕೆ ಐದು ಸಲ ಬಾದಾಮಿ-ಅಕ್ರೋಟಿನಂಥ ಬೀಜ, ವ್ಯಾಯಾಮ, ಮೈತೂಕ ಇವೆಲ್ಲ ಸೇರಿ, ಪಾಲಿಸಿದವರಿಗೂ ಪಾಲಿಸದವರಿಗೂ ಅಂತರ ಸುಮಾರು 10 ವರ್ಷ. ಅಂದರೆ ಅಭ್ಯಾಸ 76ರವರನ್ನು 86ಕ್ಕೆ ಒಯ್ಯಬಲ್ಲದು. 86ರಿಂದ 106ಕ್ಕೆ ಒಯ್ಯುವುದು ಬೇರೆಯೇ.

ನಡುವಯಸ್ಸಿನಿಂದ ಸಾವಿನ ಸಂಭವ ಸುಮಾರು ಎಂಟು ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ನೂರರಲ್ಲಿ ಆ ವರ್ಷವೇ ಹೋಗುವ ಸಂಭವ ಸುಮಾರು ಮೂರರಲ್ಲೊಂದು. 105ರ ನಂತರ ಇಟಲಿಯ ಅಂಕಿಗಳ ಪ್ರಕಾರ ವರ್ಷಕ್ಕೆ ಹೆಚ್ಚುಕಡಿಮೆ ಅರ್ಧಕ್ಕೆ ಬಂದು ನಿಲ್ಲುತ್ತದೆ, ಪ್ರತಿ ವರ್ಷ ನಾಣ್ಯ ಚಿಮ್ಮಿದ ಹಾಗೆ. 110 ಆದವರು 115 ಕಾಣುವುದು 32ರಲ್ಲಿ ಒಬ್ಬರು, 120 ಕಾಣುವುದು ಸಾವಿರದಲ್ಲಿ ಒಬ್ಬರು.

ಸಂಜೆಮಲ್ಲಿಗೆ:
ಹಾಗಾದರೆ ನಮ್ಮ ಕಡೆ "ನೂರಾ ಹತ್ತು" ಅಂತ ಸನ್ಮಾನ ಮಾಡುವವರ ವಯಸ್ಸು ಪರೀಕ್ಷಿಸುವುದು ಹೇಗೆ?

ಪಂಚಾಂಗದ ಪುಟ:
ಮೊದಲು ಗಾತ್ರ ತಿಳಿಯಿರಿ. 2011ರ ನಮ್ಮ ಜನಗಣತಿಯಲ್ಲಿ ನೂರು ದಾಟಿದವರು 6 ಲಕ್ಷ ಮೀರಿದ್ದರು. ಅದೇ ವರ್ಷ ಜಪಾನಿನಲ್ಲಿ 48 ಸಾವಿರದ ಒಳಗೆ. ಜನಸಂಖ್ಯೆ ಹತ್ತು ಪಟ್ಟಿಗೆ ಹತ್ತಿರ ಅಂದುಕೊಂಡರೂ ಆಯಸ್ಸಿನಲ್ಲಿ ಅವರು ನಮಗಿಂತ ಎಷ್ಟು ಮುಂದೆ! ಅಂದರೆ ಇದು ವಯಸ್ಸು ಉಬ್ಬಿಸಿದ ಲೆಕ್ಕ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಆಧಾರ್‌ನಲ್ಲಿ ವಯಸ್ಸು ಬಾಯಲ್ಲಿ ಹೇಳಿದವರಿಗೆ ಜನವರಿ 1 ಬೀಳುತ್ತದೆ. ಶಾಲೆಯಲ್ಲಿ ಹೆಡ್‌ಮಾಸ್ತರು ಜೂನ್ 1 ಬರೆದುಕೊಂಡವರೂ ಅಷ್ಟೇ. ಇವೆರಡು ತಾರೀಖು ಕಂಡರೆ ಅದು ಹುಟ್ಟಿದ ದಿನ ಅಲ್ಲ ಅಂತಲೇ ಹಿಡಿಯಿರಿ.

ಅಂತರರಾಷ್ಟ್ರೀಯ ಪರಿಶೀಲಕರು ಮೂರು ಕಾಲದ ಮೂರು ದಾಖಲೆ ಕೇಳುತ್ತಾರೆ: ಹುಟ್ಟಿನ ಆಸುಪಾಸಿನದು ಒಂದು, ನಡುವಯಸ್ಸಿನದು ಒಂದು, ಈಚಿನ ಗುರುತುಪತ್ರ ಒಂದು. ಮೂರೂ ಒಬ್ಬರದೇ ಅಂತ ಜೋಡಿಸುವುದು ಮುಖ್ಯ. ನಮ್ಮಲ್ಲಿ ಹುಡುಕಬೇಕಾದದ್ದು:

ಜಾತಕ ಇದ್ದರೆ ಸಂವತ್ಸರ ನೋಡಿ. ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುವುದರಿಂದ ತಪ್ಪಿದರೆ ಅರವತ್ತೇ ತಪ್ಪುತ್ತದೆ. ನೂರರವರನ್ನು ನಲವತ್ತು ಅಂತ ಯಾರೂ ಅನ್ನುವುದಿಲ್ಲವಲ್ಲ! ಪ್ರಭವ ಅಂದರೆ 1927–28, ಅಲ್ಲಿಂದ ಹಿಂದಕ್ಕೆ ಅಕ್ಷಯ 1926–27, ಕ್ರೋಧನ 1925–26. ನಿಘಂಟು ತಜ್ಞ ಜಿ. ವೆಂಕಟಸುಬ್ಬಯ್ಯನವರು 1913ರ ಆಗಸ್ಟ್ 23ರವರು, ಪ್ರಮಾದೀಚ ಸಂವತ್ಸರ. 2021ರ ಏಪ್ರಿಲ್‌ನಲ್ಲಿ ತೀರಿಕೊಂಡಾಗ 107 ತುಂಬಿತ್ತು, ಓದು ಕೆಲಸ ಎಲ್ಲದರ ಜಾಡು ಇರುವವರು. ಜಾತಕ ಹುಟ್ಟಿದಾಗಲೇ ಬರೆದದ್ದೋ ಮದುವೆಗೆ ಅಂತ ಆಮೇಲೆ ಬರೆಸಿದ್ದೋ ನೋಡಿ, ಎರಡನೆಯದು ಸಾಕ್ಷಿಯಲ್ಲ.

ನಡುವಯಸ್ಸಿಗೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಹಳೆಯ ಕ್ರಯಪತ್ರದ ನಕಲು ತೆಗೆಸಿ. ಅದರಲ್ಲಿ "ವಯಸ್ಸು ಸುಮಾರು 35" ಅಂತ ಇರುತ್ತದೆ. ಆ "ಸುಮಾರು" ಐದು ವರ್ಷ ತಿನ್ನುತ್ತದೆ, ಆದರೆ ಹದಿನೈದು ತಿನ್ನುವುದಿಲ್ಲ. ಪಹಣಿಯಲ್ಲಿ ವಯಸ್ಸು ಇರುವುದಿಲ್ಲ, ಅದಕ್ಕೆ ಅಲೆಯಬೇಡಿ.

ಎಲ್ಲಕ್ಕಿಂತ ಗಟ್ಟಿ ಮಕ್ಕಳ ವಯಸ್ಸು. ಅಜ್ಜಿಗೆ 2025ರಲ್ಲಿ 110 ಅನ್ನುತ್ತಾರೆ, ಅಂದರೆ 1915. ಕೊನೆಯ ಮಗನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹುಟ್ಟಿದ ವರ್ಷ 1966 ಅಂತ ಇದೆ. ಐವತ್ತೊಂದಕ್ಕೆ ಹೆರಿಗೆ? ಅಲ್ಲೇ ಕನಿಷ್ಠ ಏಳೆಂಟು ವರ್ಷ ಕಳೆಯಿರಿ. ಎಲ್ಲ ಮಕ್ಕಳ ಹುಟ್ಟಿದ ವರ್ಷ ಸಾಲಾಗಿ ಬರೆದು, ಮೊದಲನೆಯದಕ್ಕೆ ತಾಯಿಗೆ 16–20, ಕೊನೆಯದಕ್ಕೆ 43ರ ಒಳಗೆ ಬರುವ ಹಾಗೆ ಹೊಂದಿಸಿದರೆ ಹೆಚ್ಚಾಗಿ ನಿಜದ ಹತ್ತಿರ ಬರುತ್ತೀರಿ.

ನೆನಪಿನ ಪ್ರಶ್ನೆ ಕೇಳುವಾಗ "ಗಾಂಧಿಯನ್ನು ನೋಡಿದ್ದೀರಾ" ಅನ್ನಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ನಾಲ್ವಡಿಯವರು ತೀರಿಕೊಂಡಾಗ (ಆಗಸ್ಟ್ 1940) ಮದುವೆಯಾಗಿತ್ತೇ, ಕೈಗೂಸು ಇತ್ತೇ ಅಂತ ಕೇಳಿ. ಕೋಲಾರದ ಕಡೆಯವರಾದರೆ ವಿದುರಾಶ್ವತ್ಥದ ಗೋಲಿಬಾರು (ಏಪ್ರಿಲ್ 1938). ಘಟನೆಯನ್ನು ಅವರ ಬದುಕಿನ ಒಂದು ಹಂತಕ್ಕೆ ಕಟ್ಟಬೇಕು.

ಕಡತ ವಿಭಾಗ:
ಇದಕ್ಕೆ ಸೇರಿಸಿ: ವಿಶ್ವೇಶ್ವರಯ್ಯನವರ ಹುಟ್ಟಿದ ವರ್ಷ ಕೆಲವು ಕಡೆ 1860, ಕೆಲವು ಕಡೆ 1861. ಶತಮಾನೋತ್ಸವದ ಅಂಚೆಚೀಟಿ 1960ರ ಸೆಪ್ಟೆಂಬರ್ 15ಕ್ಕೆ ಬಂತು. ಹೋದದ್ದು 1962ರ ಏಪ್ರಿಲ್. ಯಾವುದನ್ನು ಹಿಡಿದರೂ ನೂರು ದಾಟಿದ್ದಾರೆ, ಹಾಗಾಗಿ ಜಗಳವಿಲ್ಲ. ಬೆಂಗಳೂರಿನ ಸುಧಾಕರ ಚತುರ್ವೇದಿಯವರದು ಹಾಗಲ್ಲ. 1897ರಲ್ಲಿ ಹುಟ್ಟಿದ್ದು ಅನ್ನುವ ಹೇಳಿಕೆಯನ್ನು ಒಪ್ಪಿದರೆ 2020ರ ಫೆಬ್ರುವರಿಯಲ್ಲಿ ಹೋಗುವಾಗ ಕಲ್ಮಾ ಅವರನ್ನೂ ಮೀರಿಸಿದ್ದರು. ಪರಿಶೀಲಿತ ಪಟ್ಟಿಗಳಲ್ಲಿ ಆ ಹೆಸರಿಲ್ಲ. ವಿದ್ವತ್ತಿಗೆ ಗೌರವ ಬೇರೆ, ವಯಸ್ಸಿನ ದಾಖಲೆ ಬೇರೆ.

ರಾಗಿ ಅಂಬಲಿ:
ಮೂರನೆಯ ಪ್ರಶ್ನೆಗೆ ಬರುತ್ತೇನೆ, ವೃದ್ಧರ ಪೋಷಣೆ ನನ್ನ ಕೆಲಸ. ಒಕಿನಾವಾದ "ಹೊಟ್ಟೆ ಹತ್ತರಲ್ಲಿ ಎಂಟು ಭಾಗ ತುಂಬಲಿ" ಅನ್ನುವ ನಿಯಮ 40ರವರಿಗೆ ಚಿನ್ನ. 80ರವರಿಗೆ ಅದನ್ನೇ ಹೇಳಿದರೆ ಹಾನಿ. ಆ ವಯಸ್ಸಿಗೆ ಹಸಿವೇ ಅರ್ಧ, ಅದರಲ್ಲಿ ಎಂಟು ಭಾಗ ಅಂದರೆ ಮಾಂಸಖಂಡ ಕರಗುತ್ತದೆ. ಬೇಕೆಂದು ಇಳಿಸದೆ ಆರು ತಿಂಗಳಿಂದ ವರ್ಷದೊಳಗೆ ತೂಕದ 5 ಪ್ರತಿಶತ ಇಳಿದರೆ (50 ಕಿಲೋದವರಿಗೆ ಎರಡೂವರೆ ಕಿಲೋ) ವೈದ್ಯರಿಗೆ ತೋರಿಸಿ. "ಮಿತಾಹಾರ, ಒಳ್ಳೆಯದೇ" ಅಂತ ಸಂತೋಷಪಡಬೇಡಿ.

ಪ್ರೋಟೀನು ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ ಬೇಕು (ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳಿ). 45 ಕಿಲೋದ ಅಜ್ಜಿಗೆ 45–54 ಗ್ರಾಂ. ನಮ್ಮ ಮಾಮೂಲಿ ತಟ್ಟೆ ಲೆಕ್ಕ ಹಾಕಿ: ಎರಡು ಇಡ್ಲಿ 4 ಗ್ರಾಂ, 75 ಗ್ರಾಂ ಹಿಟ್ಟಿನ ಒಂದು ಸಣ್ಣ ಮುದ್ದೆ 5, ತಿಳಿ ಸಾರಿನ 15 ಗ್ರಾಂ ಬೇಳೆ 3, ರಾತ್ರಿಯ ಅನ್ನ 4, ಮಜ್ಜಿಗೆ 1, ಎರಡು ಲೋಟ ಕಾಫಿಯ ಹಾಲು 3. ಒಟ್ಟು 20. ಅರ್ಧವೂ ಇಲ್ಲ.

ತುಂಬಿಸುವುದು ಹೀಗೆ: ಸಾರಿನ ಬದಲು ಗಟ್ಟಿ ತೊವ್ವೆ, ಅಂದರೆ ಹೆಚ್ಚಿಗೆ 40 ಗ್ರಾಂ ಬೇಳೆ, 9 ಗ್ರಾಂ. 30 ಗ್ರಾಂ ಶೇಂಗಾ ಚಟ್ನಿಪುಡಿಯಾಗಿ 7. ರಾತ್ರಿ ಒಂದು ಲೋಟ ಹಾಲು 6. ಮಜ್ಜಿಗೆಗೆ ನೀರು ಹಾಕದೆ 100 ಗ್ರಾಂ ಮೊಸರು 3. ತಿನ್ನುವವರಿಗೆ ಒಂದು ಮೊಟ್ಟೆ 6. ಅಲ್ಲಿಗೆ ಮೊಟ್ಟೆಯೂ ಸೇರಿ ಸುಮಾರು 50 ಆಯಿತು. ಹಲ್ಲಿಲ್ಲದವರಿಗೆ ಹುರಳಿಕಾಳನ್ನು ರಾತ್ರಿ ನೆನೆಸಿ, ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿ ರುಬ್ಬಿ. ಕಟ್ಟು ಮಾತ್ರ ಬಸಿದುಕೊಟ್ಟರೆ ಪ್ರೋಟೀನು ಕಾಳಲ್ಲೇ ಉಳಿಯುತ್ತದೆ. ಬಸ್ಸಾರಿನ ತೊಂದರೆಯೂ ಅದೇ: ಸಾರು ಅಜ್ಜಿಗೆ, ಕಾಳಿನ ಪಲ್ಯ ಮಕ್ಕಳಿಗೆ!

ಸಸ್ಯಾಹಾರಿ ಹಿರಿಯರಲ್ಲಿ ಬಿ12 ಪರೀಕ್ಷೆ ಮಾಡಿಸಿ. ಮೆಟ್‌ಫಾರ್ಮಿನ್ (ಸಕ್ಕರೆ ಕಾಯಿಲೆಯ ಮಾತ್ರೆ) ಅಥವಾ ಗ್ಯಾಸ್ ಮಾತ್ರೆ ವರ್ಷಗಟ್ಟಲೆ ನುಂಗುವವರಲ್ಲಿ ಅದು ಇನ್ನೂ ಇಳಿಯುತ್ತದೆ. ಕಾಲು ಜೋಮು, ತೂರಾಟ, ಮರೆವು ಇವನ್ನು "ವಯಸ್ಸಾಯ್ತು" ಅಂತ ಬಿಟ್ಟುಬಿಡುತ್ತಾರೆ.

ಧಾರವಾಡ ಫಿಸಿಯೋ:
ಊಟದ ಮಾತು ಆತು, ಕಾಲಿನ ಮಾತು ಯಾರೂ ಎತ್ತಲಿಲ್ಲ. ಒಕಿನಾವಾದ ಮುದುಕರು ಚಾಪಿ ಮ್ಯಾಲೆ ಕುಂತು ಏಳೋರು, ದಿನಕ್ಕ ಹತ್ತಾರು ಸಲ. ತೊಡಿ ಗಟ್ಟಿ ಇದ್ರ ಬೀಳೂದು ಕಡಿಮಿ. ನಮ್ಮ ಮಂದ್ಯಾಗ ಟೊಂಕದ ಎಲುಬು ಮುರದ ಮ್ಯಾಲೆ ಹಾಸಿಗಿ ಹಿಡದು ಹೋಗೋರೇ ಭಾಳ.

ಮನ್ಯಾಗ ಪರೀಕ್ಷಾ ಮಾಡ್ರಿ. ಕೈ ಇಲ್ಲದ ಕುರ್ಚಿ, ಎತ್ತರ 43 ಸೆಂ.ಮೀ., ಗ್ವಾಡಿಗೆ ಹಚ್ಚಿ ಇಡ್ರಿ, ಜಾರಬಾರದು. ಎರಡೂ ಕೈ ಎದಿ ಮ್ಯಾಲೆ ಕಟ್ಟಿಸಿ 30 ಸೆಕೆಂಡಿನ್ಯಾಗ ಎಷ್ಟು ಸಲ ಪೂರ್ತಿ ಎದ್ದು ಕುಂದರ್ತಾರ ಎಣಸ್ರಿ. 70–74ಕ್ಕ ಗಂಡಸರು 12, ಹೆಂಗಸರು 10 ಆಗಬೇಕು. 80–84ಕ್ಕ 10 ಮತ್ತು 9. 90 ದಾಟಿದ್ರ 7 ಮತ್ತು 4. ಅದಕ್ಕಿಂತ ಕಡಿಮಿ ಆದ್ರ ಬೀಳೂ ಅಂಜಿಕಿ ಹೆಚ್ಚು. ಕೈ ಊರಿ ಎದ್ರ ಅವರ ಲೆಕ್ಕ ಸೊನ್ನಿ.

ಸುಧಾರಸಾಕ ಅದನ್ನೇ ಮಾಡಸ್ರಿ: ಐದು ಸಲ, ದಿನಕ್ಕ ಎರಡು ಹೊತ್ತು, ಬಾಜೂಕ ಒಬ್ಬರು ನಿಂದರಬೇಕು. ಏಳುವಾಗ ಉಸಿರು ಬಿಗಿ ಹಿಡೀತಾರ, ಬಿಪಿ ಏರತದ. ಬಾಯಿ ಬಿಟ್ಟು ಎಣಸಲಿಕ್ಕೆ ಹೇಳ್ರಿ, ಉಸಿರು ತಾನೇ ಹೊಂಟ ಹೋಗ್ತದ. ಬರೇ ವಾಕಿಂಗ್‌ನಿಂದ ತೊಡಿಗೆ ಶಕ್ತಿ ಬರೂದಿಲ್ರಿ.

ಗೆಣಸುಗಡ್ಡೆ:
ಸಂಜೆಮಲ್ಲಿಗೆ ಅವರೇ, ಒಕಿನಾವಾದ ಒಂದು ಅಡುಗೆ ನಮ್ಮ ಒಲೆಗೆ ಸುಲಭವಾಗಿ ಒಗ್ಗುತ್ತದೆ: ಗೋಯಾ ಚಂಪೂರು, ಅಂದರೆ ಹಾಗಲಕಾಯಿ ತೋಫು (ಸೋಯಾ ಹಾಲಿನ ಪನ್ನೀರು) ಪಲ್ಯ. ಮೂವರಿಗೆ ಗಟ್ಟಿ ತೋಫು 300 ಗ್ರಾಂ, ಹಾಗಲಕಾಯಿ 250 ಗ್ರಾಂ, ಮೊಟ್ಟೆ ಎರಡು. ತೋಫುವನ್ನು ಬಟ್ಟೆಯಲ್ಲಿ ಸುತ್ತಿ ಮೇಲೆ ಕುಟ್ಟಾಣಿ ಇಟ್ಟು 20 ನಿಮಿಷ ನೀರು ಹಿಂಡಿ. ಇದನ್ನು ಬಿಟ್ಟರೆ ಇಡೀ ಪಲ್ಯ ಗಂಜಿಯಾಗುತ್ತದೆ. ಹಾಗಲವನ್ನು ಉದ್ದಕ್ಕೆ ಸೀಳಿ, ಚಮಚದಿಂದ ಬೀಜ ಕೆರೆದು, 3–4 ಮಿ.ಮೀ. ದಪ್ಪ ಹೆಚ್ಚಿ, ಅರ್ಧ ಟೀ ಚಮಚ ಉಪ್ಪು ಸವರಿ ಹತ್ತು ನಿಮಿಷ ಬಿಟ್ಟು ಹಿಂಡಿ. ತೋಫುವನ್ನು ಚಾಕು ಮುಟ್ಟಿಸದೆ ಕೈಯಲ್ಲೇ ಮುರಿದು, ಕಾದ ಬಾಣಲೆಯಲ್ಲಿ ಕೆಂಪಗೆ ಹುರಿದು ತೆಗೆದಿಡಿ. ಅದೇ ಬಾಣಲೆಯಲ್ಲಿ ಹಾಗಲ ಜೋರು ಉರಿಯಲ್ಲಿ ಮೂರು ನಿಮಿಷ, ತೋಫು ವಾಪಸ್, ಒಂದು ಚಮಚ ಸೋಯಾ ಸಾಸ್, ಕಡೆಗೆ ಕಲಕಿದ ಮೊಟ್ಟೆ ಸುರಿದು ಅರ್ಧ ನಿಮಿಷಕ್ಕೆ ಇಳಿಸಿ. ತೋಫು ಬದಲು ಪನ್ನೀರು ಹಾಕಬಹುದು, ಆದರೆ ಕೊಬ್ಬು ಬಹಳ ಏರುತ್ತದೆ. ಸಕ್ಕರೆಗೆ ಮಾತ್ರೆ ತೆಗೆದುಕೊಳ್ಳುವವರು ಹಾಗಲದ ರಸ ಕುಡಿಯುವ ಹುಚ್ಚಿಗೆ ಹೋಗಬೇಡಿ, ಸಕ್ಕರೆ ದಿಢೀರ್ ಕುಸಿಯಬಹುದು; ಪಲ್ಯಕ್ಕೆ ತೊಂದರೆಯಿಲ್ಲ.

ಸಂಜೆಮಲ್ಲಿಗೆ:
ಕೊನೆಯದೊಂದು. ಜಾತಕದಲ್ಲಿ ಕ್ರೋಧನ ಸಂವತ್ಸರ, ಮಾಘ ಮಾಸ ಅಂತಿದೆ. 1925 ಬರೆಯಬೇಕೋ 1926 ಬರೆಯಬೇಕೋ?

ಪಂಚಾಂಗದ ಪುಟ:
1926. ಸಂವತ್ಸರ ಯುಗಾದಿಯಿಂದ ಯುಗಾದಿಗೆ. ಕ್ರೋಧನ 1925ರ ಯುಗಾದಿಗೆ ಶುರುವಾಗಿ 1926ರ ಯುಗಾದಿಗೆ ಮುಗಿಯಿತು, ಮಾಘ ಅದರ ಕೊನೆಯ ಭಾಗದಲ್ಲಿ ಜನವರಿ–ಫೆಬ್ರುವರಿಗೆ ಬರುತ್ತದೆ. ಸಂವತ್ಸರ ಕಂಡ ಕೂಡಲೇ 1925 ಬರೆದುಬಿಡುವುದು ಸಾಮಾನ್ಯ ತಪ್ಪು. ಪುಷ್ಯದ್ದಾದರೆ ತಿಥಿ ನೋಡಿಯೇ ಹೇಳಬೇಕು, ಡಿಸೆಂಬರಿನಲ್ಲೂ ಬೀಳಬಹುದು. ಇನ್ನು "ನೂರರಲ್ಲಿ ನಡೀತಿದೆ" ಅಂದರೆ 99 ತುಂಬಿದೆ ಅಂತ. ಎಣಿಕೆಗೆ ತುಂಬಿದ ವರ್ಷ ಹಿಡಿಯಿರಿ.

ಅವರು ಕೇಂದ್ರ ಸರ್ಕಾರದ ಪಿಂಚಣಿದಾರರೋ ಕುಟುಂಬ ಪಿಂಚಣಿದಾರರೋ ಆಗಿದ್ದರೆ ಈ ಒಂದು ವರ್ಷ ದುಡ್ಡಿನ ವಿಷಯ. 80ಕ್ಕೆ ಮೂಲ ಪಿಂಚಣಿಯ 20, 85ಕ್ಕೆ 30, 90ಕ್ಕೆ 40, 95ಕ್ಕೆ 50, ನೂರು ತುಂಬಿದರೆ 100 ಪ್ರತಿಶತ ಹೆಚ್ಚುವರಿ ಸೇರುತ್ತದೆ, ವಯಸ್ಸು ತುಂಬುವ ತಿಂಗಳ 1ನೇ ತಾರೀಖಿನಿಂದ. ಪಿಂಚಣಿ ಆದೇಶಪತ್ರದಲ್ಲಿ ಜನ್ಮದಿನಾಂಕ ನಮೂದಾಗಿದೆಯೇ ಅಂತ ಈಗಲೇ ತೆಗೆದು ನೋಡಿ. ಕುಟುಂಬ ಪಿಂಚಣಿಯ ಹಳೆಯ ಆದೇಶಗಳಲ್ಲಿ ಹೆಂಡತಿಯ ಹುಟ್ಟಿದ ದಿನದ ಜಾಗ ಖಾಲಿ ಇರುವುದು ಉಂಟು, ಅದು ತುಂಬದೆ ಹೆಚ್ಚಳ ತಾನಾಗಿ ಬರುವುದಿಲ್ಲ.